ನಡುರಾತ್ರಿ ಎದ್ದು ಬರುವವರು ಯಾರು?

ಯಾವುದಾದರೂ ಶಾಲೆಯ ಎರಡನೇ ತರಗತಿಯ ಕೋಣೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. 40 ಮಕ್ಕಳು, ಎಲ್ಲರಿಗೂ ಏಳರ ಆಸುಪಾಸಿನ ವಯಸ್ಸು. ಲೆಕ್ಕದ ಪ್ರಕಾರ ಅವರಲ್ಲಿ ಕಡಿಮೆಯೆಂದರೂ ಇಬ್ಬರು, ಹೆಚ್ಚೆಂದರೆ ನಾಲ್ವರು ಇನ್ನೂ ರಾತ್ರಿ ಹಾಸಿಗೆಯಲ್ಲಿ ಉಚ್ಚೆ ಹುಯ್ದುಕೊಳ್ಳುವವರು. ಒಬ್ಬರ ಗುಟ್ಟು ಇನ್ನೊಬ್ಬರಿಗೆ ತಿಳಿಯದು. ಪಕ್ಕಪಕ್ಕದಲ್ಲೇ ಕೂತಿದ್ದರೂ, ಊರಿಗೆಲ್ಲ ಇಂಥ ಮಗು ತಾನೊಬ್ಬನೇ ಎಂದು ಪ್ರತಿಯೊಬ್ಬನೂ ಅಂದುಕೊಂಡಿರುತ್ತಾನೆ. ಅವರ ಅಮ್ಮಂದಿರೂ ಹಾಗೇ ಅಂದುಕೊಂಡಿರುತ್ತಾರೆ. ಬೆಳಿಗ್ಗೆ ಎದ್ದು ಬೆಡ್‌ಶೀಟನ್ನು ಯಾರ ಕಣ್ಣಿಗೂ ಬೀಳದಂತೆ ನೆನೆಹಾಕುವುದು, ನೆಂಟರ ಮನೆಗೆ ಹೋದರೆ ಎಷ್ಟು ಹೊತ್ತಾದರೂ ವಾಪಸು ಬಂದುಬಿಡುವುದು, ಮದುವೆಮನೆಯ ಜಮಖಾನದ ಮೇಲೆ ಎಲ್ಲ ಮಕ್ಕಳ ಜೊತೆ ಮಲಗಲು ಬಿಡದಿರುವುದು, ಇವೆಲ್ಲ ವರ್ಷಗಟ್ಟಲೆ ನಡೆಯುತ್ತವೆ. ವೈದ್ಯರ ಹತ್ತಿರ ಬರುವುದು ಕಟ್ಟಕಡೆಗೆ. ಬಂದರೂ ಕೆಮ್ಮಿಗೋ ಜ್ವರಕ್ಕೋ ಬಂದು, ಚೀಟಿ ಬರೆಸಿಕೊಂಡು, ಬಾಗಿಲವರೆಗೆ ಹೋಗಿ ತಿರುಗಿ ನಿಂತು, "ಡಾಕ್ಟ್ರೇ, ಇನ್ನೊಂದು ವಿಷಯ..." ಎಂದು ದನಿ ತಗ್ಗಿಸುತ್ತಾರೆ.

ಈ ಹೊತ್ತು ಆ ಇನ್ನೊಂದು ವಿಷಯವನ್ನೇ ಮಾತಾಡೋಣ. ಅದಕ್ಕಿರುವ ಚಿಕಿತ್ಸೆಗಳಲ್ಲಿ ಮುಖ್ಯವಾಗಿ ಒಂದನ್ನು ಹೇಳುತ್ತೇನೆ. ಚಡ್ಡಿ ಒದ್ದೆಯಾದ ಕೂಡಲೇ ಕೂಗಿಕೊಳ್ಳುವ ಒಂದು ಪುಟ್ಟ ಅಲಾರಾಂ ಅದು. ನಮ್ಮಲ್ಲಿ ಇದರ ಹೆಸರು ಕೇಳಿದವರೇ ಕಡಿಮೆ. ಕೇಳಿ ತರಿಸಿಕೊಂಡವರಲ್ಲೂ ಎಷ್ಟೋ ಮಂದಿ ಎರಡು ವಾರಕ್ಕೆ ಬೇಸತ್ತು ಅದನ್ನು ಅಟ್ಟಕ್ಕೆ ಹಾಕುತ್ತಾರೆ. ಯಂತ್ರ ಸರಿಯಾಗಿಯೇ ಇರುತ್ತದೆ. ಅದು ನಡುರಾತ್ರಿ ಕೂಗಿದಾಗ ಎದ್ದು ಬರಬೇಕಾದವರು ಯಾರು ಎಂಬುದು ಮಾತ್ರ ಆ ಮನೆಯಲ್ಲಿ ತೀರ್ಮಾನವಾಗಿರುವುದಿಲ್ಲ.

ಮೊದಲು ಮಗುವಿನ ಮೈಯೊಳಗೆ ಏನಾಗುತ್ತದೆ ನೋಡೋಣ. ಐದು ವರ್ಷ ತುಂಬುವವರೆಗೆ ನಾವು ಇದನ್ನು ತೊಂದರೆ ಎಂದೇ ಎಣಿಸುವುದಿಲ್ಲ. ಐದನೇ ವಯಸ್ಸಿನಲ್ಲಿ ನೂರಕ್ಕೆ ಸುಮಾರು 15 ಮಕ್ಕಳು, ಹತ್ತನೇ ವಯಸ್ಸಿನಲ್ಲಿ ಸುಮಾರು 5, ಹದಿನೈದು ದಾಟಿದ ಮೇಲೂ ನೂರರಲ್ಲಿ ಒಬ್ಬರೋ ಇಬ್ಬರೋ ಹೀಗಿರುತ್ತಾರೆ. ಗಂಡುಮಕ್ಕಳಲ್ಲಿ ಇದು ಹೆಚ್ಚು. ರಾತ್ರಿಯಾದಾಗ ಮಿದುಳು ವಾಸೊಪ್ರೆಸಿನ್ ಎಂಬ ಹಾರ್ಮೋನನ್ನು ಹೆಚ್ಚಾಗಿ ಬಿಡುತ್ತದೆ. ಅದರ ಆಜ್ಞೆಯಂತೆ ಮೂತ್ರಪಿಂಡಗಳು ಕೆಲಸ ನಿಧಾನ ಮಾಡುತ್ತವೆ, ಮೂತ್ರ ಕಡಿಮೆ ತಯಾರಾಗುತ್ತದೆ. ಕೆಲವು ಮಕ್ಕಳಲ್ಲಿ ಈ ಏರ್ಪಾಡು ಬಲಿಯಲು ತಡವಾಗುತ್ತದೆ. ಹಗಲಿನಷ್ಟೇ ಮೂತ್ರ ರಾತ್ರಿಯೂ ಬಂದು ತುಂಬುತ್ತದೆ. ಇನ್ನು ಕೆಲವರಲ್ಲಿ ಮೂತ್ರಕೋಶದ ಹಿಡಿತ ಚಿಕ್ಕದು, ತುಂಬುವ ಮುಂಚೆಯೇ ಅದು ಹಿಂಡಿಕೊಳ್ಳುತ್ತದೆ. ಮಗುವಿನ ವಯಸ್ಸಿಗೆ ಒಂದು ಕೂಡಿಸಿ 30ರಿಂದ ಗುಣಿಸಿದರೆ ಆ ವಯಸ್ಸಿನ ಮೂತ್ರಕೋಶ ಎಷ್ಟು ಮಿಲಿಲೀಟರ್ ಹಿಡಿಯಬೇಕು ಎಂಬ ಅಂದಾಜು ಸಿಗುತ್ತದೆ. ಏಳು ವರ್ಷಕ್ಕೆ 240. ಅದರ ಅರ್ಧಕ್ಕೇ ಅವಸರ ಶುರುವಾಗುವ ಮಕ್ಕಳಿದ್ದಾರೆ.

ಇವೆರಡರಲ್ಲಿ ಯಾವುದೇ ಇದ್ದರೂ ಮಗುವಿಗೆ ಎಚ್ಚರವಾಗಿಬಿಟ್ಟರೆ ಎದ್ದು ಬಚ್ಚಲಿಗೆ ಹೋಗಿ ಬರುತ್ತಿತ್ತು. ಎಚ್ಚರವಾಗುವುದಿಲ್ಲ, ಅದೇ ಮೂರನೆಯ ಕಾರಣ. ಎಲ್ಲ ಕಡೆಯೂ ಇರುವ ಕಾರಣವೂ ಅದೇ. ಹಸುಗೂಸಿನ ತಾಯಿಯನ್ನು ನೋಡಿ. ಮನೆಯ ಮುಂದೆ ಲಾರಿ ಹಾರ್ನ್ ಹೊಡೆದುಕೊಂಡು ಹೋದರೂ ಅವಳು ಮಗ್ಗುಲಾಗುವುದಿಲ್ಲ. ಪಕ್ಕದ ಕೂಸು ಒಮ್ಮೆ ಕೊಸರಾಡಿದರೆ ಎದ್ದು ಕೂರುತ್ತಾಳೆ. ಯಾವ ಸದ್ದಿಗೆ ಏಳಬೇಕು, ಯಾವುದನ್ನು ಬಿಟ್ಟುಬಿಡಬೇಕು ಎಂದು ಮಿದುಳು ನಿದ್ದೆಯಲ್ಲೂ ಆರಿಸುತ್ತಿರುತ್ತದೆ. ನಾವು ಹೇಳುತ್ತಿರುವ ಮಗುವಿನ ಮಿದುಳು, ತುಂಬಿದ ಮೂತ್ರಕೋಶದ ಕರೆಯನ್ನು ಇನ್ನೂ ಆ ಪಟ್ಟಿಗೆ ಸೇರಿಸಿಕೊಂಡಿಲ್ಲ. ಸೋಮಾರಿತನ, ಹಟ, ಕೊಬ್ಬು ಎಂಬ ಮಾತುಗಳೆಲ್ಲ ಇಲ್ಲಿ ಸುಮ್ಮನೆ ದಂಡ. ನಿದ್ದೆಯಲ್ಲಿ ಆದದ್ದಕ್ಕೆ ಎಚ್ಚರವಿರುವಾಗ ಬೈದರೆ ಮಗು ಕಲಿಯುವುದು ಹೆದರಿಕೆಯನ್ನು, ಒದ್ದೆ ಚಡ್ಡಿಯನ್ನು ಮಂಚದಡಿ ಬಚ್ಚಿಡುವುದನ್ನು.

ವಂಶದ ಮಾತೂ ಇದೆ. "ನಿಮ್ಮ ಮನೆಯಲ್ಲಿ ಚಿಕ್ಕಂದಿನಲ್ಲಿ ಯಾರಿಗಾದರೂ ಹೀಗಿತ್ತೇ?" ಎಂದು ನಾನು ಕೇಳಿದಾಗ ಸಾಮಾನ್ಯವಾಗಿ ಅಪ್ಪ ಕಿಟಕಿಯ ಕಡೆ ನೋಡುತ್ತಾರೆ. ಅಜ್ಜಿ ಜೊತೆಗೆ ಬಂದಿದ್ದರೆ ಕೆಲಸ ಸುಲಭ. "ಇವನಪ್ಪನೇ ಏಳನೇ ಕ್ಲಾಸಿನವರೆಗೂ ಹುಯ್ಕೋತಿದ್ದ, ಈಗ ಮಗನಿಗೆ ಗದರ್ತಾನೆ ನೋಡಿ!" ಎಂದು ಅವರು ಹೇಳಿಬಿಟ್ಟ ಕ್ಷಣದಲ್ಲಿ ಮಗುವಿನ ಮುಖ ಅರಳುವುದನ್ನು ನೋಡಬೇಕು. ಔಷಧಿಗಿಂತ ಮೊದಲು ಕೊಡಬೇಕಾದ್ದು ಆ ಸುದ್ದಿ. ತಂದೆ ತಾಯಿಯರಲ್ಲಿ ಒಬ್ಬರಿಗೆ ಇದ್ದರೆ ಮಕ್ಕಳಿಗೆ ಬರುವ ಸಾಧ್ಯತೆ ನೂರಕ್ಕೆ 40ರ ಮೇಲೆ. ಇಬ್ಬರಿಗೂ ಇದ್ದರೆ 70ರ ಮೇಲೆ. ಹೀಗಿರುವಾಗ "ಬರೆ ಹಾಕ್ತೀನಿ" ಎಂದು ಹೆದರಿಸುವ ಅಪ್ಪ ಯಾರಿಗೆ ಬರೆ ಹಾಕಬೇಕು, ನೀವೇ ಹೇಳಿ.

ಮನೆಮದ್ದುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕರಿ ಎಳ್ಳು ಬೆಲ್ಲದ ಉಂಡೆ ಕೊಡಿ, ತಿನ್ನಲಿ, ರುಚಿಯಾಗಿರುತ್ತದೆ. ಅದರಿಂದ ಹಾಸಿಗೆ ಒಣಗುತ್ತದೆ ಎಂದು ನಾನು ಭರವಸೆ ಕೊಡಲಾರೆ. ರಾತ್ರಿ ಹನ್ನೊಂದಕ್ಕೆ ಮಗುವನ್ನು ನಿದ್ದೆಗಣ್ಣಿನಲ್ಲೇ ಎತ್ತಿಕೊಂಡು ಹೋಗಿ ಬಚ್ಚಲಲ್ಲಿ ನಿಲ್ಲಿಸಿ "ಶ್ಶ್" ಅನ್ನುವ ಪದ್ಧತಿ ಬಹಳ ಮನೆಗಳಲ್ಲಿದೆ. ಆ ರಾತ್ರಿ ಬೆಡ್‌ಶೀಟು ಉಳಿಯುತ್ತದೆ ನಿಜ. ಆದರೆ ಮಗು ನಿದ್ದೆಯಲ್ಲೇ ಉಚ್ಚೆ ಹುಯ್ದಿತು. ಹಾಸಿಗೆಯ ಬದಲು ಬಚ್ಚಲಲ್ಲಿ ಹುಯ್ದಿತು, ಅಷ್ಟೇ ವ್ಯತ್ಯಾಸ. ಅದರ ಮಿದುಳಿಗೆ ಹೊಸ ಪಾಠವೇನೂ ಆಗಲಿಲ್ಲ.

ಪಾಠ ಆಗುವುದು ಹೇಗೆ ಎಂಬುದು ಅಕಸ್ಮಾತ್ತಾಗಿ ತಿಳಿದುಬಂತು. 1904ರಲ್ಲಿ ಮೈನ್‌ಹಾರ್ಡ್ ಫಾನ್ ಫೌಂಡ್ಲರ್ ಎಂಬ ಜರ್ಮನ್ ಭಾಷೆಯ ಮಕ್ಕಳ ವೈದ್ಯ ಆಸ್ಪತ್ರೆಯ ಮಕ್ಕಳ ಹಾಸಿಗೆಗೆ ಒಂದು ವಿದ್ಯುತ್ ಗಂಟೆ ಜೋಡಿಸಿದ್ದ. ಯಾವ ಹಾಸಿಗೆ ಒದ್ದೆಯಾಯಿತು ಎಂದು ದಾದಿಯರಿಗೆ ತಿಳಿದು ಅವರು ಬೇಗ ಬಟ್ಟೆ ಬದಲಿಸಲಿ ಎನ್ನುವುದಷ್ಟೇ ಅವನ ಉದ್ದೇಶ. ಸ್ವಲ್ಪ ಕಾಲದ ಮೇಲೆ ನೋಡಿದರೆ ಕೆಲವು ಮಕ್ಕಳು ಹಾಸಿಗೆ ಒದ್ದೆ ಮಾಡುವುದನ್ನೇ ಬಿಟ್ಟಿದ್ದರು. ದಾದಿಯರಿಗೆಂದು ಕಟ್ಟಿದ ಗಂಟೆ ಮಕ್ಕಳಿಗೆ ಕಲಿಸಿತ್ತು. ಮೂರು ದಶಕ ಕಳೆದ ಮೇಲೆ ಅಮೆರಿಕದ ಮನಶ್ಶಾಸ್ತ್ರಜ್ಞ ಹೋಬಾರ್ಟ್ ಮೌರರ್ ಮತ್ತು ಅವರ ಪತ್ನಿ ವಿಲ್ಲಿ ಮೇ ಮೌರರ್ ಇದನ್ನು ಸರಿಯಾದ ಚಿಕಿತ್ಸೆಯಾಗಿ ರೂಪಿಸಿದರು. ಎರಡು ಲೋಹದ ಜಾಲರಿ, ನಡುವೆ ದಪ್ಪ ಬಟ್ಟೆ, ಪಕ್ಕದಲ್ಲಿ ಬ್ಯಾಟರಿ ಮತ್ತು ಗಂಟೆ. ಬಟ್ಟೆ ನೆಂದರೆ ವಿದ್ಯುತ್ತಿನ ದಾರಿ ಕೂಡಿಕೊಂಡು ಗಂಟೆ ಬಾರಿಸುತ್ತದೆ. 30 ಮಕ್ಕಳ ಮೇಲೆ ನಡೆಸಿದ ಆ ಕೆಲಸದ ವರದಿಯನ್ನು ಅವರು 1938ರಲ್ಲಿ ಪ್ರಕಟಿಸಿದರು. ಪಾವ್‌ಲೋವ್‌ನ ನಾಯಿ ಗಂಟೆಯ ಸದ್ದಿಗೆ ಜೊಲ್ಲು ಸುರಿಸಲು ಕಲಿತ ಹಾಗೆ, ಮೂತ್ರಕೋಶ ತುಂಬಿದ್ದೂ ಎಚ್ಚರವಾಗುವುದೂ ಮತ್ತೆ ಮತ್ತೆ ಒಟ್ಟಿಗೇ ಆಗಿ ಕೊನೆಗೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ ಎನ್ನುವುದು ಅವರ ವಿವರಣೆ. ಅದು ಪೂರ್ತಿ ಸರಿಯೇ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಯಾಕೆಂದರೆ, ಅಲಾರಾಂನಿಂದ ಗುಣವಾದ ಎಷ್ಟೋ ಮಕ್ಕಳು ಆಮೇಲೆ ರಾತ್ರಿ ಏಳುವುದೇ ಇಲ್ಲ. ಬೆಳಗಿನವರೆಗೆ ಗೊರಕೆ ಹೊಡೆದು ಒಣಹಾಸಿಗೆಯಿಂದ ಏಳುತ್ತಾರೆ. ಚಿಕಿತ್ಸೆ ಮುಗಿಯುವಷ್ಟರಲ್ಲಿ ಮೂತ್ರಕೋಶದ ಹಿಡಿತವೇ ಹಿಗ್ಗಿರುವುದು ಅಳತೆ ಮಾಡಿದಾಗ ಕಂಡುಬಂದಿದೆ. ಎಚ್ಚರವಾಗಲು ಕಲಿಸಲು ಹೋದರೆ ತಡೆದುಕೊಳ್ಳಲು ಕಲಿತದ್ದಾಯಿತು! ಇದು ನನಗೆ ಇಂದಿಗೂ ಬೆರಗಿನ ವಿಷಯ.

ಈಗ ಸಿಗುವ ಯಂತ್ರ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದು. ಚಡ್ಡಿಗೆ ಸಿಕ್ಕಿಸುವ ಒಂದು ಕ್ಲಿಪ್ಪು, ಅದೇ ಒದ್ದೆ ಕಂಡುಹಿಡಿಯುವ ಸೆನ್ಸರ್. ಅಲ್ಲಿಂದ ಒಂದು ತೆಳುವಾದ ವೈರು, ಭುಜದ ಹತ್ತಿರ ಅಂಗಿಗೆ ಸಿಕ್ಕಿಸುವ ಅಲಾರಾಂ. ವೈರಿಲ್ಲದವೂ ಇವೆ, ಕೂಗುವುದರ ಜೊತೆಗೆ ನಡುಗುವವೂ ಇವೆ, ಹಾಸಿಗೆಯ ಮೇಲೆ ಹಾಸುವ ಚಾಪೆಯಂಥವೂ ಇವೆ. ಬೆಲೆ ಬೇರೆಬೇರೆ. ಬೀದಿ ಕೊನೆಯ ಮೆಡಿಕಲ್ ಶಾಪಿನಲ್ಲಿ ಇದು ಸಿಗುವುದು ಅಪರೂಪ, ಆನ್‌ಲೈನಿನಲ್ಲೇ ತರಿಸಬೇಕಾಗುತ್ತದೆ. ದುಬಾರಿಯದೇ ಒಳ್ಳೆಯದು ಎಂದೇನಿಲ್ಲ. ಸದ್ದು ಜೋರಾಗಿದೆಯೇ, ಕ್ಲಿಪ್ಪು ಗಟ್ಟಿಯಾಗಿ ಕೂರುತ್ತದೆಯೇ, ತೊಳೆದು ಒರೆಸಿ ಮತ್ತೆ ಹಾಕಲು ಸುಲಭವೇ, ಇಷ್ಟು ನೋಡಿ.

"ಮಗೂಗೆ ಕರೆಂಟ್ ಹೊಡೆಯಲ್ವಾ ಡಾಕ್ಟ್ರೇ?" ಎಂದು ಅಜ್ಜಿಯರು ಕೇಳಿಯೇ ಕೇಳುತ್ತಾರೆ. ಇದನ್ನು ಗೋಡೆಯ ಪ್ಲಗ್ಗಿಗೆ ಹಾಕುವುದಿಲ್ಲ. ಒಳಗಿರುವುದು ಸಣ್ಣ ಬ್ಯಾಟರಿ, ಹರಿಯುವ ವಿದ್ಯುತ್ತು ಮೈಗೆ ಗೊತ್ತೂ ಆಗದಷ್ಟು. ಹಾಗೆಂದು ಅವರ ಪ್ರಶ್ನೆ ಪೆದ್ದು ಪ್ರಶ್ನೆಯೇನಲ್ಲ. ಹಿಂದಿನ ಕಾಲದ ಚಾಪೆ ಮಾದರಿಗಳಲ್ಲಿ ಗಂಟೆ ಬಾರಿಸದೆ ಹೋಗಿ, ಮಗು ಆ ವಿದ್ಯುತ್ತು ಹರಿಯುವ ಒದ್ದೆಯಲ್ಲೇ ಬಹಳ ಹೊತ್ತು ಮಲಗಿ ಚರ್ಮ ಹುಣ್ಣಾದದ್ದುಂಟು. ಆದ್ದರಿಂದ ಬ್ಯಾಟರಿ ತುಂಬಿರಲಿ, ವೈರಿನ ಹೊದಿಕೆ ಕಿತ್ತಿರದಿರಲಿ.

ಇನ್ನು, ತರಿಸುವ ಮುಂಚಿನ ಕೆಲಸ. ಇದನ್ನು ಬಿಟ್ಟು ನೇರವಾಗಿ ಯಂತ್ರಕ್ಕೆ ಕೈಹಾಕುವವರೇ ಹೆಚ್ಚು, ಆದ್ದರಿಂದ ಸ್ವಲ್ಪ ನಿಂತು ಹೇಳುತ್ತೇನೆ. ಆರು ತಿಂಗಳಾದರೂ ಒಣಗಿದ್ದ ಮಗು ಇದ್ದಕ್ಕಿದ್ದಂತೆ ಮತ್ತೆ ಶುರು ಮಾಡಿದರೆ, ಹಗಲಿನಲ್ಲೂ ಚಡ್ಡಿ ಒದ್ದೆಯಾಗುತ್ತಿದ್ದರೆ, ಉರಿ ಅಥವಾ ಜ್ವರವಿದ್ದರೆ, ವಿಪರೀತ ಬಾಯಾರಿಕೆಯಾಗಿ ಮಗು ಇಳಿದುಹೋಗುತ್ತಿದ್ದರೆ, ರಾತ್ರಿ ಬಾಯಿ ತೆರೆದು ಗೊರಕೆ ಹೊಡೆಯುತ್ತಾ ಉಸಿರು ಕಟ್ಟಿದಂತೆ ಆಗುತ್ತಿದ್ದರೆ, ಮೊದಲು ವೈದ್ಯರನ್ನು ಕಾಣಿ. ಬಾಯಾರಿಕೆ ಮತ್ತು ತೂಕ ಇಳಿಯುವುದು ಸಕ್ಕರೆ ಕಾಯಿಲೆಯ ಸೂಚನೆ ಇರಬಹುದು. ಅದಕ್ಕೆ ಒಂದು ದಿನವೂ ಕಾಯಬೇಡಿ, ಅಂದೇ ಹೋಗಿ.

ಮಲಬದ್ಧತೆಯನ್ನು ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ಹಿಂದೆ ಗಟ್ಟಿಯಾಗಿ ತುಂಬಿದ ಮಲ ಮುಂದಿರುವ ಮೂತ್ರಕೋಶವನ್ನು ಒತ್ತಿ ಅದಕ್ಕೆ ಹಿಗ್ಗಲು ಜಾಗ ಕೊಡುವುದಿಲ್ಲ. ಮೂರು ದಿನಕ್ಕೊಮ್ಮೆ ಎರಡಕ್ಕೆ ಹೋಗುವ ಮಗುವಿಗೆ ಮೊದಲು ಅದನ್ನು ಸರಿ ಮಾಡಿದರೆ ಕೆಲವೊಮ್ಮೆ ಅಲಾರಾಂ ಬೇಕೇ ಆಗುವುದಿಲ್ಲ. ಇನ್ನೊಂದು ನೀರಿನ ವಿಷಯ. ನಮ್ಮ ಎಷ್ಟೋ ಶಾಲೆಗಳ ಶೌಚಾಲಯದ ಸ್ಥಿತಿ ನಿಮಗೆ ಗೊತ್ತು. ಅಲ್ಲಿಗೆ ಹೋಗಬೇಕಾಗುತ್ತದೆಂದು ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ಬೆಳಗಿನಿಂದ ನೀರೇ ಕುಡಿಯುವುದಿಲ್ಲ. ಬಾಟಲಿ ಹೋದ ಹಾಗೇ ವಾಪಸು ಬರುತ್ತದೆ. ಸಂಜೆ ನಾಲ್ಕೂವರೆಗೆ ಮನೆಗೆ ಬಂದು ಚೊಂಬುಗಟ್ಟಲೆ ಕುಡಿದರೆ ಅದೆಲ್ಲ ರಾತ್ರಿಗೆ ಇಳಿಯದೆ ಎಲ್ಲಿಗೆ ಹೋದೀತು? ಅದಕ್ಕೆ ಮನೆಯವರು ಮಾಡುವುದೇನು? ಸಂಜೆ ಮೇಲೆ ನೀರು ಬಂದ್! ಮಗುವಿಗೆ ದಿನವಿಡೀ ಬಾಯಾರಿಕೆ, ಮೂತ್ರಕೋಶಕ್ಕೆ ಹಿಗ್ಗಿ ಅಭ್ಯಾಸವೇ ಇಲ್ಲ, ಮಲವೂ ಗಟ್ಟಿ. ಮಾಡಬೇಕಾದ್ದು ಉಲ್ಟಾ. ಬಾಟಲಿ ಶಾಲೆಯಲ್ಲೇ ಖಾಲಿಯಾಗಬೇಕು, ಎರಡು ಮೂರು ಗಂಟೆಗೊಮ್ಮೆ ಒಂದಕ್ಕೆ ಹೋಗಬೇಕು. ಟೀಚರಿಗೆ ಒಂದು ಮಾತು ಹೇಳಿಡಿ, ಕಾರಣವನ್ನು ವಿವರಿಸಬೇಕಾಗಿಲ್ಲ. ಸಂಜೆಗೆ ಕಾಫಿ, ಟೀ, ಕೋಲಾ ಬೇಡ. ಮಲಗುವ ಮುಂಚೆ ಒಮ್ಮೆ ತಪ್ಪದೆ ಹೋಗಿ ಬರಬೇಕು.

ಯಾವಾಗ ಶುರು ಮಾಡಬೇಕು? ಮಗುವಿಗೆ ತಾನು ಇದರಿಂದ ಹೊರಬರಬೇಕು ಎಂದು ಅನ್ನಿಸಿದಾಗ. ಸಾಮಾನ್ಯವಾಗಿ ಅದು ಆರೇಳು ವರ್ಷಕ್ಕೆ. ಮಗುವಿಗೆ ಬೇಡದೆ ನೀವೇ ಕಟ್ಟಿದರೆ ರಾತ್ರಿ ಅದನ್ನು ಕಿತ್ತು ದಿಂಬಿನಡಿ ಹಾಕುತ್ತದೆ. ಇದಕ್ಕೆ ಮೂರು ತಿಂಗಳು, ಕೆಲವೊಮ್ಮೆ ನಾಲ್ಕು ತಿಂಗಳು ಬಿಡುವಿಲ್ಲದೆ ಬೇಕು. ಹಾಗಾಗಿ ಬೇಸಿಗೆ ರಜ ಸರಿಯಾದ ಕಾಲವಲ್ಲ. ಅರ್ಧ ರಜ ಅಜ್ಜಿಯ ಊರಿನಲ್ಲಿ, ಅತ್ತೆ ಮಕ್ಕಳು ಮಾವನ ಮಕ್ಕಳೆಲ್ಲ ಸಾಲಾಗಿ ಮಲಗಿರುವಲ್ಲಿ ಇದು ಕೂಗಿದರೆ ಮಗು ಇನ್ನೆಂದೂ ಕಟ್ಟಿಕೊಳ್ಳುವುದಿಲ್ಲ. ಮೇಲಾಗಿ ಬೆವರಿಗೂ ಅಲಾರಾಂ ಮೋಸಹೋಗಿ ಸುಮ್ಮಸುಮ್ಮನೆ ಕೂಗುತ್ತದೆ. ಜೂನಿನಲ್ಲಿ ಶಾಲೆ ಶುರುವಾಗಿ ಒಂದು ಹದಕ್ಕೆ ಬಂದ ಮೇಲೆ ಹಿಡಿದರೆ ದಸರಾ ರಜದ ಹೊತ್ತಿಗೆ ಮುಗಿಯುತ್ತದೆ. ಮಲೆನಾಡಿನವರು, ಕರಾವಳಿಯವರು ಇದನ್ನು ಕೇಳಿ ನಗುತ್ತಿರಬಹುದು. ಜೂನ್ ಜುಲೈನ ಆ ಮಳೆಯಲ್ಲಿ ದಿನಕ್ಕೊಂದು ಬೆಡ್‌ಶೀಟು ಎಲ್ಲಿ ಒಣಗಿಸುವುದು? ನೀವು ದೀಪಾವಳಿ ಕಳೆದ ಮೇಲೆ ಶುರು ಮಾಡಿ. ಪರೀಕ್ಷೆಯ ಗಲಾಟೆಗೆ ಮುಂಚೆ ಮುಗಿಸಬಹುದು.

ಮೊದಲ ದಿನ ಸಂಜೆ ಒಂದು ರಿಹರ್ಸಲ್ ಮಾಡಿಸಿ. ಮಗುವಿಗೆ ಅಲಾರಾಂ ಕಟ್ಟಿ, ಹಾಸಿಗೆಯ ಮೇಲೆ ಮಲಗಿಸಿ, ಒದ್ದೆ ಬೆರಳನ್ನು ಸೆನ್ಸರಿಗೆ ಮುಟ್ಟಿಸಿ. ಕೂಗಿಕೊಳ್ಳುತ್ತದೆ. ಮಗು ತಾನೇ ಅದನ್ನು ಆರಿಸಿ, ಎದ್ದು, ಬಚ್ಚಲಿಗೆ ನಡೆದು, ಕೂತು ಅಥವಾ ನಿಂತು, ವಾಪಸು ಬರಲಿ. ಎರಡು ಮೂರು ಸಲ ಆಟದಂತೆ ಆಗಲಿ. ಮಕ್ಕಳಿಗೆ ಇದು ಇಷ್ಟವಾಗುತ್ತದೆ. ಚಡ್ಡಿ ಮೈಗೆ ಹತ್ತಿಕೊಂಡಿರಬೇಕು, ಜೋತಾಡುವ ಚಡ್ಡಿಯಲ್ಲಿ ಸೆನ್ಸರಿಗೆ ಒದ್ದೆ ತಲುಪುವಷ್ಟರಲ್ಲಿ ಹಾಸಿಗೆಯೇ ನೆಂದಿರುತ್ತದೆ. ಸೆಕೆಯ ಊರುಗಳಲ್ಲಿ ಒಂದರ ಮೇಲೊಂದು ಎರಡು ಚಡ್ಡಿ ಹಾಕಿ ನಡುವೆ ಸೆನ್ಸರ್ ಸಿಕ್ಕಿಸಿದರೆ ಬೆವರಿನ ಕಾಟ ಕಡಿಮೆ. ಹಾಸಿಗೆಯ ಮೇಲೆ ರಬ್ಬರ್ ಶೀಟು, ಅದರ ಮೇಲೊಂದು ಬಟ್ಟೆ, ಕೈಗೆ ಸಿಗುವಂತೆ ಇನ್ನೊಂದು ಜೊತೆ ಬಟ್ಟೆ. ಬಚ್ಚಲಿನ ದಾರಿಯಲ್ಲಿ ಸಣ್ಣ ದೀಪ ಉರಿಯುತ್ತಿರಲಿ. ಹಳ್ಳಿಮನೆಗಳಲ್ಲಿ ಬಚ್ಚಲು ಹಿತ್ತಿಲಲ್ಲಿದ್ದರೆ ಆ ಹೊತ್ತಿನಲ್ಲಿ ಮಗುವನ್ನು ಕತ್ತಲಿಗೆ ಕಳಿಸಬೇಡಿ. ಕೋಣೆಯ ಮೂಲೆಯಲ್ಲೇ ಒಂದು ಬಕೆಟ್ಟು ಇಟ್ಟರೆ ಸಾಕು.

ಈಗ ರಾತ್ರಿಗೆ ಬರೋಣ. ಒಂದು ಗಂಟೆಗೋ ಎರಡು ಗಂಟೆಗೋ ಅದು ಕೂಗುತ್ತದೆ. ಮನೆಯವರೆಲ್ಲ ಧಡಕ್ಕನೆ ಏಳುತ್ತಾರೆ, ಪಕ್ಕದ ಮನೆಯ ನಾಯಿಯೂ ಬೊಗಳುತ್ತದೆ. ಮಗು ಮಾತ್ರ ಅಲಾರಾಂ ಭುಜದ ಮೇಲಿಟ್ಟುಕೊಂಡು ಹಾಯಾಗಿ ಮಲಗಿರುತ್ತದೆ! ಮೊದಲ ಒಂದೆರಡು ವಾರ ಬಹುಪಾಲು ಮಕ್ಕಳು ಹೀಗೇ. "ನಮ್ಮ ಮಗೂಗೆ ಇದು ಕೆಲಸ ಮಾಡಲಿಲ್ಲ" ಎಂದು ಜನ ಕೈಬಿಡುವುದು ಇಲ್ಲಿಯೇ. ಮಗುವಿಗೆ ಆ ಸದ್ದಿಗೆ ತಾನಾಗಿ ಏಳಲು ಬರುತ್ತಿದ್ದರೆ ಯಂತ್ರವೇ ಬೇಕಿರಲಿಲ್ಲ. ಈ ವಾರಗಳಲ್ಲಿ ಅಲಾರಾಂ ಕೂಗುವುದು ದೊಡ್ಡವರಿಗಾಗಿ. ದೊಡ್ಡವರೊಬ್ಬರು ಅದೇ ಕೋಣೆಯಲ್ಲಿ ಮಲಗಿರಬೇಕು, ಕೂಗಿದ ಕೂಡಲೇ ಎದ್ದು ಬರಬೇಕು, ಮಗುವನ್ನು ಪೂರ್ತಿ ಎಚ್ಚರ ಮಾಡಬೇಕು. ಅಲಾರಾಂ ಅನ್ನು ನೀವು ಆರಿಸಬೇಡಿ. ಅದು ಕೂಗುತ್ತಿರುವಾಗಲೇ ಮಗುವನ್ನು ಕೂರಿಸಿ, ಅದರ ಕೈಯಿಂದಲೇ ಆರಿಸಿ. ಎಚ್ಚರವಾಗಿದೆಯೇ ಎಂದು ಅನುಮಾನವಿದ್ದರೆ ಮುಖಕ್ಕೆ ಒದ್ದೆ ಕೈ ಸವರಿ, ಟೀಚರ ಹೆಸರು ಕೇಳಿ. "ಏನಪ್ಪಾ" ಎಂದು ಗೊಣಗಿದರೆ ಸಾಲದು, ಹೆಸರು ಹೇಳಬೇಕು. ಆಮೇಲೆ ತನ್ನ ಕಾಲಲ್ಲೇ ನಡೆದು ಬಚ್ಚಲಿಗೆ ಹೋಗಿ, ಉಳಿದದ್ದನ್ನು ಅಲ್ಲಿ ಮುಗಿಸಬೇಕು. ಉಳಿದಿರುವುದು ಎರಡು ಹನಿಯೇ ಆಗಿರಲಿ. ಬಟ್ಟೆ ಬದಲಿಸಿಕೊಂಡು, ಬೆಡ್‌ಶೀಟು ತೆಗೆಯಲು ಕೈಜೋಡಿಸಿ, ಸೆನ್ಸರ್ ಒರೆಸಿ ಮತ್ತೆ ಸಿಕ್ಕಿಸಿಕೊಂಡು ಮಲಗಬೇಕು. ಬೆಡ್‌ಶೀಟು ತೆಗೆಸುವುದು ಶಿಕ್ಷೆಯೆಂದು ಅಲ್ಲ. ದನಿಯಲ್ಲಿ ಅದು ಶಿಕ್ಷೆಯಂತೆ ಕೇಳಿಸಿದರೆ ಮಾತ್ರ ಅದು ಶಿಕ್ಷೆಯೇ ಆಗಿಬಿಡುತ್ತದೆ, ಎಚ್ಚರವಿರಲಿ. ಅದೇ ರಾತ್ರಿ ನಾಲ್ಕು ಗಂಟೆಗೆ ಮತ್ತೊಮ್ಮೆ ಕೂಗಿದರೆ ಮತ್ತೆ ಇದೇ ಎಲ್ಲ.

ಇಷ್ಟನ್ನು ದಿನಾ ಮಾಡುವವರು ಯಾರು? ನಮ್ಮ ಮನೆಗಳಲ್ಲಿ ಕೇಳದೆಯೇ ಉತ್ತರ ಸಿದ್ಧವಿರುತ್ತದೆ, ಅಮ್ಮ. ಬೆಳಿಗ್ಗೆ ಐದಕ್ಕೆ ಎದ್ದು ಡಬ್ಬಿ ಕಟ್ಟಿ ಗಾರ್ಮೆಂಟ್ಸಿಗೋ ಆಫೀಸಿಗೋ ಓಡುವವಳೂ ಅವಳೇ, ರಾತ್ರಿ ಎರಡಕ್ಕೆ ಏಳುವವಳೂ ಅವಳೇ ಆದರೆ ಮೂರನೇ ವಾರಕ್ಕೆ ಅವಳು ಸೋಲುತ್ತಾಳೆ, ಇಲ್ಲವೇ ಸಿಡುಕುತ್ತಾಳೆ. ಹಾಗಾಗಿ ನಾನು ಯಂತ್ರದ ಹೆಸರು ಬರೆದುಕೊಡುವ ಮುಂಚೆ ಅಪ್ಪನನ್ನು ಕರೆಸುತ್ತೇನೆ. ವಾರದ ಯಾವ ರಾತ್ರಿಗಳು ನಿಮ್ಮವು, ಯಾವುವು ಅವರವು ಎಂದು ಅಲ್ಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಸುತ್ತೇನೆ. ಬರಲು ಒಪ್ಪದ ಅಪ್ಪಂದಿರ ಮಕ್ಕಳಿಗೆ ಈ ಚಿಕಿತ್ಸೆ ಬರೆಯಲು ನನಗೆ ಮನಸ್ಸಾಗುವುದಿಲ್ಲ. ಮನೆಯಲ್ಲಿ ಹಸುಗೂಸಿದ್ದರೆ, ಒಬ್ಬರಿಗೆ ರಾತ್ರಿ ಪಾಳಿಯಿದ್ದರೆ, ಯಾರಿಗಾದರೂ ಕಾಯಿಲೆಯಿದ್ದರೆ ಸದ್ಯಕ್ಕೆ ಬೇಡ ಎನ್ನುವುದೇ ಸರಿ. ಮಗುವಿನ ಮೇಲೆ ಸಿಟ್ಟು ಮಡುಗಟ್ಟಿರುವ ಮನೆಗೂ ಬೇಡ. ಬ್ರಿಟನ್ನಿನ ನೈಸ್ ಸಂಸ್ಥೆ 2010ರಲ್ಲಿ ಹೊರತಂದ ಮಾರ್ಗಸೂಚಿ ಅಲಾರಾಂ ಅನ್ನು ಮೊದಲ ಸಾಲಿನ ಚಿಕಿತ್ಸೆ ಎನ್ನುತ್ತಲೇ, ತಂದೆ ತಾಯಿ ಮಗುವನ್ನು ದೂಷಿಸುತ್ತಿದ್ದರೆ ಅದು ತಕ್ಕದ್ದಲ್ಲ ಎಂದೂ ಹೇಳುತ್ತದೆ. ಸಿಟ್ಟಿನ ಕೈಗೆ ನಡುರಾತ್ರಿಯ ಗಂಟೆ ಕೊಡಬಾರದು.

ಬಹುಮಾನದ ಬಗ್ಗೆ ಎರಡು ಮಾತು. "ಒಣಗಿದ್ದರೆ ಚಾಕೊಲೇಟ್" ಎನ್ನಬೇಡಿ. ಒಣಗಿರುವುದು ಇನ್ನೂ ಮಗುವಿನ ಕೈಯಲ್ಲಿಲ್ಲ. ಅಲಾರಾಂ ತಾನೇ ಕಟ್ಟಿಕೊಂಡದ್ದಕ್ಕೆ, ಕೂಗಿದಾಗ ಎದ್ದು ಕೂತದ್ದಕ್ಕೆ ಒಂದು ನಕ್ಷತ್ರ ಅಂಟಿಸಿ. ಅದು ಮಗುವಿನ ಕೈಯಲ್ಲಿದೆ.

ದಿನಾ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಎಷ್ಟು ಹೊತ್ತಿಗೆ ಕೂಗಿತು, ಎಷ್ಟು ಸಲ, ಮಗು ತಾನೇ ಎದ್ದಿತೇ, ಒದ್ದೆ ಎಷ್ಟು ಅಗಲ. ಬರೆಯದಿದ್ದರೆ "ದಿನಾ ಅದೇ ಕಥೆ" ಎಂದೇ ಅನ್ನಿಸುತ್ತದೆ. ಬರೆದಿದ್ದರೆ, ಮೊದಲ ವಾರ ಹನ್ನೊಂದಕ್ಕೇ ಕೂಗುತ್ತಿದ್ದದ್ದು ಈಗ ಮೂರಕ್ಕೆ ಕೂಗುತ್ತಿದೆ, ಹಾಸಿಗೆಯಷ್ಟಿದ್ದ ಒದ್ದೆ ಈಗ ಚಡ್ಡಿಯಷ್ಟಾಗಿದೆ ಎಂದು ಕಾಣುತ್ತದೆ. ಒಣ ರಾತ್ರಿ ಬರುವ ಮುಂಚೆ ಬರುವ ಗುರುತುಗಳು ಇವೇ. ನಾಲ್ಕು ವಾರಕ್ಕೆ ಇಂಥ ಗುರುತು ಒಂದಾದರೂ ಕಂಡರೆ ಮುಂದುವರಿಸಿ. ಏನೂ ಕಾಣದಿದ್ದರೆ ನಿಲ್ಲಿಸಿ, ವೈದ್ಯರ ಜೊತೆ ಬೇರೆ ದಾರಿ ಯೋಚಿಸಿ; ಒಂದು ವರ್ಷ ಬಿಟ್ಟು ಮತ್ತೆ ನೋಡಬಹುದು. ಸತತವಾಗಿ 14 ರಾತ್ರಿ ಒಣಗಿದ್ದರೆ ಗೆದ್ದ ಹಾಗೆ. ಹದಿಮೂರನೆಯ ರಾತ್ರಿ ಒದ್ದೆಯಾದರೆ ಎಣಿಕೆ ಮೊದಲಿನಿಂದ. ಮಗು ಅತ್ತರೆ ಸಮಾಧಾನ ಮಾಡಿ, ಲೆಕ್ಕದಲ್ಲಿ ಮಾತ್ರ ರಿಯಾಯಿತಿ ಬೇಡ.

ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದರೆ, ಅಲಾರಾಂ ಬಳಸಿದ ಮೂವರಲ್ಲಿ ಇಬ್ಬರು ಮಕ್ಕಳು ಆ ಅವಧಿಯಲ್ಲಿ ಒಣಗುತ್ತಾರೆ. ನಿಲ್ಲಿಸಿದ ಮೇಲೆ ಕೆಲವರಿಗೆ ಮರುಕಳಿಸುತ್ತದೆ. ಹತ್ತಿರ ಹತ್ತಿರ ಅರ್ಧದಷ್ಟು ಮಕ್ಕಳಲ್ಲಿ ಗುಣ ಉಳಿದುಕೊಳ್ಳುತ್ತದೆ. ಏನೂ ಮಾಡದೆ ಬಿಟ್ಟರೂ ವರ್ಷಕ್ಕೆ ನೂರರಲ್ಲಿ 15 ಮಕ್ಕಳಿಗೆ ತಾನಾಗಿ ನಿಲ್ಲುತ್ತದೆ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿ, ಮೂರು ತಿಂಗಳ ನಿದ್ದೆಗೇಡಿಗೆ ಬೆಲೆ ಇದೆಯೇ ಎಂದು ನೀವೇ ನಿರ್ಧರಿಸಿ. ಆರು ವರ್ಷದ, ಏನೂ ಚಿಂತೆಯಿಲ್ಲದ ಮಗುವಿಗೆ ಕಾಯುವುದೂ ಒಂದು ದಾರಿಯೇ. ಹತ್ತು ವರ್ಷದ, ನವೋದಯಕ್ಕೋ ಮೊರಾರ್ಜಿ ದೇಸಾಯಿ ವಸತಿ ಶಾಲೆಗೋ ಆರನೇ ತರಗತಿಗೆ ಹೊರಟು ನಿಂತ ಮಗುವಿನ ಲೆಕ್ಕ ಬೇರೆ. ಅಲ್ಲಿ ಮೂವತ್ತು ನಲವತ್ತು ಮಕ್ಕಳು ಒಂದೇ ಹಾಲಿನಲ್ಲಿ ಮಲಗುತ್ತಾರೆ. ಮಕ್ಕಳು ಮಕ್ಕಳಿಗೆ ಇಡುವ ಅಡ್ಡಹೆಸರುಗಳು ಎಸ್ಸೆಸ್ಸೆಲ್ಸಿವರೆಗೂ ಬಿಡುವುದಿಲ್ಲ. ಪ್ರವೇಶ ಪರೀಕ್ಷೆಗೆ ಓದಿಸುವಷ್ಟೇ ಮುತುವರ್ಜಿಯಿಂದ ಅದಕ್ಕೆ ಆರು ತಿಂಗಳ ಮುಂಚೆ ಇದನ್ನೂ ಹಿಡಿಯಬೇಕು.

ಹಾಗೆ ಸಮಯವಿಲ್ಲದಿದ್ದರೆ ಮಾತ್ರೆಯಿದೆ. ಡೆಸ್ಮೋಪ್ರೆಸಿನ್ ಎಂಬುದು ಮೊದಲು ಹೇಳಿದ ವಾಸೊಪ್ರೆಸಿನ್ನಿನ ಕೃತಕ ರೂಪ. ಮಲಗುವ ಮುಂಚೆ ನುಂಗಿದರೆ ಆ ರಾತ್ರಿ ಮೂತ್ರ ಕಡಿಮೆ ತಯಾರಾಗುತ್ತದೆ. ಪ್ರವಾಸಕ್ಕೆ, ಎನ್‌ಸಿಸಿ ಕ್ಯಾಂಪಿಗೆ ಇದು ದೊಡ್ಡ ಅನುಕೂಲ. ನಿಲ್ಲಿಸಿದರೆ ಬಹುಮಟ್ಟಿಗೆ ಮತ್ತೆ ಹಳೆಯದೇ. ಅಲಾರಾಂ ಕಲಿಸುತ್ತದೆ, ಮಾತ್ರೆ ಆ ರಾತ್ರಿಯನ್ನು ದಾಟಿಸುತ್ತದೆ. ಒಂದು ಎಚ್ಚರಿಕೆಯನ್ನು ಮಾತ್ರ ದಯವಿಟ್ಟು ನೆನಪಿಡಿ. ಈ ಮಾತ್ರೆ ತೆಗೆದುಕೊಂಡ ರಾತ್ರಿ, ನುಂಗುವ ಒಂದು ಗಂಟೆ ಮುಂಚಿನಿಂದ ಎಂಟು ಗಂಟೆಯ ಆಚೆಯವರೆಗೆ ನೀರು ಹೆಚ್ಚು ಕುಡಿಯಬಾರದು, ಒಂದೆರಡು ಗುಟುಕು ಮಾತ್ರ. ಕುಡಿದ ನೀರು ಹೊರಹೋಗದೆ ರಕ್ತದ ಸೋಡಿಯಂ ತಗ್ಗಿ ಫಿಟ್ಸ್ ಬರುವ ಅಪಾಯವಿದೆ. ಅಂಗಡಿಯವರನ್ನು ಕೇಳಿ ತಂದು ಕೊಡುವ ಮಾತ್ರೆ ಇದಲ್ಲ.

14 ರಾತ್ರಿ ಗೆದ್ದವರಿಗೆ ಇನ್ನೊಂದು ಕೊನೆಯ ಹಂತವುಂಟು. ಅಲಾರಾಂ ಕಟ್ಟಿಕೊಂಡೇ, ಮಲಗುವ ಮುಂಚೆ ಮಗುವಿಗೆ ಸ್ವಲ್ಪ ಹೆಚ್ಚು ನೀರು ಕುಡಿಸಿ ನೋಡುವುದು. ಬೇಕೆಂದೇ ಪರೀಕ್ಷೆ ಕಠಿಣ ಮಾಡುವುದು ಇದರ ಉದ್ದೇಶ. ಒಂದೆರಡು ರಾತ್ರಿ ಜಾರಬಹುದು, ಆಮೇಲೆ ಹಿಡಿತ ಇನ್ನೂ ಗಟ್ಟಿಯಾಗುತ್ತದೆ, ಮರುಕಳಿಸುವುದು ಕಡಿಮೆಯಾಗುತ್ತದೆ. ಅಷ್ಟಾದ ಮೇಲೂ ಮರುಕಳಿಸಿದರೆ ಮಗು ಕಲಿತದ್ದೆಲ್ಲ ಹೋಯಿತೆಂದು ಎದೆಗುಂದಬೇಕಾಗಿಲ್ಲ. ಅದೇ ಅಲಾರಾಂ ಮತ್ತೆ ಕಟ್ಟಿ. ಎರಡನೆಯ ಸಲವೂ ಅದು ಸಾಮಾನ್ಯವಾಗಿ ಕೆಲಸ ಮಾಡುತ್ತದೆ.

ಮುಗಿದ ಮೇಲೆ ಬ್ಯಾಟರಿ ತೆಗೆದು, ಸೆನ್ಸರ್ ತೊಳೆದು ಒಣಗಿಸಿ, ಒಂದು ಡಬ್ಬಿಯಲ್ಲಿ ಹಾಕಿಡಿ. ಯಾರಿಗಾದರೂ ಕೊಡುವ ಅವಸರ ಬೇಡ. ಈ ತೊಂದರೆ ವಂಶದಲ್ಲಿ ಬರುವಂಥದ್ದು, ಅಲಾರಾಂ ತಮ್ಮನಿಗೋ ತಂಗಿಗೋ ಇನ್ನೆರಡು ವರ್ಷಕ್ಕೆ ಬೇಕಾಗಬಹುದು. ಆಗ ಸೆನ್ಸರಿನ ಕ್ಲಿಪ್ಪೊಂದನ್ನು ಹೊಸದಾಗಿ ತರಿಸಿಕೊಂಡರೆ ಸಾಕು.